ಬಾಯಿ ಬಿಡದ ಚಿಪ್ಪು

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕದೆ ನಾನು ಇಂದಿನವರೆಗೆ ಕೊಂಡವಳಲ್ಲ. ಕೊಳ್ಳುವ ಮಾತು ಹಾಗಿರಲಿ, ಯಾರದೋ ಮನೆಯಲ್ಲಿ ಕುಂಕುಮ ಹಚ್ಚಿ ಉಡಿಗೆ ಹಾಕಿದ ಕಾಯಿಯನ್ನೂ ಅವರ ಅಂಗಳ ದಾಟುವ ಮೊದಲೇ ಒಮ್ಮೆ ಕುಲುಕಿ ನೋಡಿದ್ದೇನೆ. ಜೊತೆಗಿದ್ದವರು ನಕ್ಕಿದ್ದಾರೆ. ನಗಲಿ. ಮನೆಗೆ ಹೋಗಿ ಒಡೆದಾಗ ಕೊಳೆತ ಕಾಯಿ ಸಿಕ್ಕಿದವರು ನಕ್ಕದ್ದನ್ನು ಮಾತ್ರ ನಾನು ಕಂಡಿಲ್ಲ. ನಿಮಗೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ: ಒಳಗನ್ನು ಬಿಚ್ಚಿ ತೋರಿಸಲಾಗದ ಮಾಲನ್ನು ಕೊಳ್ಳುವಾಗ ನಿಮ್ಮ ಕಿವಿಯನ್ನು ನಂಬಿ, ಮಾರುವವರ ಬಾಯಿಯನ್ನಲ್ಲ.

ಈ ವಿದ್ಯೆ ನನಗೆ ಬಂದದ್ದು ಅವ್ವನಿಂದ. ಹೆಬಳೆಯಿಂದ ತಲೆಯ ಮೇಲೆ ಮೀನಬುಟ್ಟಿ ಹೊತ್ತು ಭಟ್ಕಳ ಪೇಟೆಗೆ ಹೋಗುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಕನ್ನಡ, ಕೊಂಕಣಿ, ನವಾಯತಿ ಮೂರರಲ್ಲೂ ‘ಆಗುವುದಿಲ್ಲ’ ಎನ್ನಲು ಬರುತ್ತಿತ್ತು, ಮತ್ತು ಮೂರರಲ್ಲೂ ಸ್ವಲ್ಪ ಹೊತ್ತಿನ ಮೇಲೆ ‘ಆತು, ತಗಳ್ಳಿ’ ಎನ್ನಲೂ ಬರುತ್ತಿತ್ತು. ಇವೆರಡರ ನಡುವಿನ ಹೊತ್ತನ್ನೇ ವ್ಯಾಪಾರ ಎನ್ನುವುದು. ಗಿರಾಕಿಗಳು ಮೀನಿನ ಕಿವಿರು ಎತ್ತಿ ಒಳಗಿನ ಕೆಂಪು ನೋಡಿದ ಮೇಲೆಯೇ ಬಾಯಿ ತೆರೆಯುತ್ತಿದ್ದರು. ಬುಟ್ಟಿಯ ಪಕ್ಕದಲ್ಲಿ ಕೂತು ನಾನು ಇದನ್ನೆಲ್ಲ ನೋಡಿದೆ, ಅಲ್ಲೇ ಮಗ್ಗಿ ಬಾಯಿಪಾಠ ಮಾಡಿದೆ, ಅಲ್ಲಿಂದಲೇ ಶಾಲೆಗೆ ಹೋದೆ. ಯಾರ ಶಿಫಾರಸೂ ಇಲ್ಲದೆ ತರಬೇತಿ ಮುಗಿಸಿ ಅಕ್ಕೋರಾದೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ಹಾಗೆ ಕರೆಯುತ್ತಾರೆ. ಮೊದಲ ದಿನ ಹಲಗೆಯ ಮುಂದೆ ನಿಂತಾಗಲೇ ಗೊತ್ತಾಯಿತು, ಇದೂ ಪೇಟೆಯೇ. ಎದುರಿಗೆ ಕೂತವರು ಸಣ್ಣವರು, ಆದರೆ ಗಿರಾಕಿಗಳು.

ಬೇರೆ ಪಾಠಗಳನ್ನು ಮಾರುವುದು ಅಷ್ಟು ಕಷ್ಟವಲ್ಲ. ಭಾಗಾಕಾರವನ್ನು ಗೇರುಬೀಜ ಹಂಚಿ ತೋರಿಸಬಹುದು. ಹೂವಿನ ಭಾಗಗಳಿಗೆ ದಾಸವಾಳ ಸಾಕು. ಆದರೆ ಭೂಮಿಯ ಒಳಗು ಎಂಬ ಒಂದು ಪಾಠವಿದೆಯಲ್ಲ, ಅದು ಬಹಳ ತ್ರಾಸಿನ ಮಾಲು. ಬಿಚ್ಚಿ ನೋಡಿದವರು ಇಲ್ಲ, ಹೋಗಿ ಬಂದವರು ಇಲ್ಲ, ಕಿವಿರು ಇಲ್ಲವೇ ಇಲ್ಲ. ನಮ್ಮ ಹಿರಿಯರು ಧೈರ್ಯವಾಗಿ ಅತಲ, ವಿತಲ, ಸುತಲ, ತಲಾತಲ, ಮಹಾತಲ, ರಸಾತಲ, ಪಾತಾಳ ಎಂದು ಏಳು ಹೇಳಿದರು. ವಿಜ್ಞಾನದವರು ಬಂದು ನಾಲ್ಕಕ್ಕೆ ಇಳಿಸಿದರು: ಮೇಲೆ ಚಿಪ್ಪು, ಕೆಳಗೆ ಕವಚ, ಅದರ ಕೆಳಗೆ ಕರಗಿದ ಹೊರ ತಿರುಳು, ನಟ್ಟನಡುವೆ ಗಟ್ಟಿ ಒಳ ತಿರುಳು. ಏಳು ಹೇಳಿ ನಾಲ್ಕಕ್ಕೆ ಕುದುರಿದ್ದು ನ್ಯಾಯವಾದ ವ್ಯಾಪಾರವೇ. ಮೊದಲು ಹೇಳಿದವರಿಗೂ ಅವಮಾನವಿಲ್ಲ, ಆಮೇಲೆ ಇಳಿಸಿದವರಿಗೂ ನಷ್ಟವಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಕುಮಟೆಯ ಹತ್ತಿರ, ಬಾಡದ ಕಡೆಯ ಒಂದು ಶಾಲೆಯಲ್ಲಿ. ಏಳನೇ ಇಯತ್ತೆಯ ಮಕ್ಕಳಲ್ಲಿ ಹೆಚ್ಚಿನವರು ದೋಣಿಯ ಮನೆಯವರು. ನಾನು ಬಣ್ಣದ ಸೀಮೆಸುಣ್ಣವನ್ನು ಕುಮಟೆ ಪೇಟೆಯಿಂದ ಸ್ವತಃ ತಂದು ಹಲಗೆಯ ತುಂಬ ಭೂಮಿ ಬರೆದೆ. ಒಳಗಿನ ಭಾಗಕ್ಕೆ ಕೆಂಪನ್ನು ಸ್ವಲ್ಪ ಧಾರಾಳವಾಗಿಯೇ ಬಳಸಿದೆ. ನಾವು ನಿಂತದ್ದು ಬರೀ ಒಂದು ತೆಳು ಚಿಪ್ಪಿನ ಮೇಲೆ, ಇದರ ಹೆಸರು ಭೂಚಿಪ್ಪು, ಕೆಳಗೆ ಕಲ್ಲನ್ನು ಕರಗಿಸುವ ಬಿಸಿ, ಎಂದು ಪುಸ್ತಕದಲ್ಲಿದ್ದುದನ್ನು ನನ್ನ ಅವ್ವನ ಗಂಟಲಿನಲ್ಲಿ ಹೇಳಿದೆ. ವರ್ಗ ಗಪ್ಪಾಗಿ ಕೂತಿತ್ತು. ಮಾಲು ಖರ್ಚಾಯಿತು ಎಂದುಕೊಂಡೆ. ಹೊಸದಾಗಿ ಕಲಿಸಲು ಹೊರಟವರು ಇದನ್ನು ಗಂಟು ಕಟ್ಟಿಕೊಳ್ಳಬೇಕು: ಸುಮ್ಮನಾದ ಗಿರಾಕಿ ಒಪ್ಪಿದ ಗಿರಾಕಿಯಲ್ಲ.

ಮರುದಿನದಿಂದ ಮಾದೇವಿ ಶಾಲೆಗೆ ಬರಲಿಲ್ಲ.

ಮಾದೇವಿ ಆ ವರ್ಗದ ಹರಿತ ಚೂರಿ. ತಾಯಿ ಇರಲಿಲ್ಲ, ತಂದೆ ದೋಣಿಯ ಜೊತೆ ತಿಂಗಳುಗಟ್ಟಲೆ ಹೊರಗೆ, ಸಾಕಿದವಳು ಅಜ್ಜಿ ಜಟ್ಟಮ್ಮ. ಜಟ್ಟಮ್ಮ ಮೀನು ಮಾರುತ್ತಿದ್ದಳು. ಅಘನಾಶಿನಿ ಹೊಳೆಯಲ್ಲಿ ನೀರು ಇಳಿದಾಗ ಕೆಸರಿಗಿಳಿದು ಬೆಳಚು ಹೆಕ್ಕುತ್ತಿದ್ದಳು. ಬೆಳಚು ಎಂದರೆ ಎರಡು ಚಿಪ್ಪಿನ ನಡುವೆ ಮಾಂಸವಿರುವ ಸಣ್ಣ ಜೀವ, ನಮ್ಮ ಕರಾವಳಿಯವರ ನಾಲಗೆಗೆ ಬಹಳ ಬೇಕಾದದ್ದು. ಮೊಮ್ಮಗಳೂ ರಜೆಯ ದಿನ ಅಜ್ಜಿಯ ಹಿಂದೆ ಹೊಳೆಗಿಳಿಯುವವಳೇ. ಅಂಥವಳು ಒಂದು ವಾರವಾದರೂ ಕಾಣಲಿಲ್ಲ. ಕೊನೆಗೆ ಬಂದವಳು ಜಟ್ಟಮ್ಮ, ತಲೆಯ ಮೇಲೆ ಖಾಲಿ ಬುಟ್ಟಿ, ಸೊಂಟದ ಮೇಲೆ ಕೈ. ಪಾಠ ನಡೆಯುತ್ತಿದ್ದ ವರ್ಗದ ಬಾಗಿಲಲ್ಲೇ ನಿಂತಳು.

“ಅಕ್ಕೋರೆ, ನೀವು ಮಕ್ಕಳಿಗೆ ಎಂತ ಕಲಸ್ತ್ರಿ?”

ವಿಜ್ಞಾನ ಎಂದೆ.

“ಅದನ್ನ ವಾಪಸ್ ತಗಳ್ಳಿ. ಹೆಣ್ಣು ನೆಲಕ್ಕೆ ಕಾಲೇ ಇಡುದಿಲ್ಲ. ಚಾಪೆ ಮೇಲೆ ಮಲಗುದಿಲ್ಲ, ಹೊಳೆಗೆ ಇಳಿಯುದಿಲ್ಲ, ಇಡೀ ದಿವ್ಸ ಬೆಂಚಿನ ಮೇಲೆ ಕಾಲು ಮಡಚ್ಕಂಡು ಕೂತದೆ. ಕೇಳಿದ್ರೆ ನೆಲ ಬಾಯಿ ಬಿಡ್ತದೆ, ಅಕ್ಕೋರು ಹೇಳಿದಾರೆ ಅಂತದೆ. ಶಾಲೆಗೂ ಇಲ್ಲ, ಹೊಳೆಗೂ ಇಲ್ಲ ಅಂದ್ರೆ ನಾ ಎಂತ ಮಾಡುದು? ಅದರ ಹೆದರಿಕೆ ತೆಗೀರಿ. ಆಗದಿದ್ರೆ ಶಾಲೆ ಸಾಕು, ಹೆಸರು ಹೊಡೀರಿ.”

ನೆಲ ಬಾಯಿ ಬಿಡುತ್ತದೆ ಎಂದು ನಾನು ಹೇಳಿಯೇ ಇರಲಿಲ್ಲ. ಹಾಗೆಂದು ಹೇಳಿದರೆ ಜಟ್ಟಮ್ಮ ಕೇಳುವ ಪೈಕಿಯೂ ಅಲ್ಲ. ಅವಳು ಹೋದ ಮೇಲೆ ಹೆಡ್ ಮಾಸ್ತರರು ನನ್ನನ್ನು ಕರೆದು, ಆ ಪಾಠ ಅಷ್ಟಕ್ಕೇ ಬಿಡಿ, ಪರೀಕ್ಷೆಗೆ ಬರುವುದೂ ಸಂಶಯ, ಹುಡುಗಿಗೆ ಅದೆಲ್ಲ ಸುಳ್ಳು ಎಂದುಬಿಡಿ, ಎಂದು ಸಮಾಧಾನದ ದಾರಿ ತೋರಿಸಿದರು. ಒಳ್ಳೆಯ ಮನುಷ್ಯ, ಆದರೆ ವ್ಯಾಪಾರದ ಮನೆಯವರಲ್ಲ. ಒಮ್ಮೆ ಮಾರಿದ ಮೀನನ್ನು ವಾಪಸು ತೆಗೆದುಕೊಂಡರೆ ಬುಟ್ಟಿಯಲ್ಲಿ ಉಳಿದದ್ದೂ ನಾರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಈ ಪಾಠ ಸುಳ್ಳು ಎಂದರೆ ನಾಳೆ ಭಾಗಾಕಾರವನ್ನು ಯಾರು ನಂಬುತ್ತಾರೆ? ಹಾಗೆಂದು ಮಾದೇವಿಯಂಥ ಗಿರಾಕಿಯನ್ನು ಬಿಡುವುದೂ ನನ್ನಿಂದ ಆಗದು. ಹೆಸರು ಹೊಡೆದರೆ ಆ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನನ್ನ ವಾರಗೆಯ ಎಷ್ಟೋ ಹುಡುಗಿಯರು ಇದಕ್ಕಿಂತ ಸಣ್ಣ ಕಾರಣಕ್ಕೆ ಬುಟ್ಟಿ ಹೊತ್ತಿದ್ದರು.

ಆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವಳೇ ಅವರ ಮನೆಗೆ ಹೋದೆ. ಹಿತ್ತಲ ಒಲೆಯ ಮೇಲೆ ಜಟ್ಟಮ್ಮ ಬೆಳಚು ಬೇಯಿಸುತ್ತಿದ್ದಳು. ಪಕ್ಕದ ಬೆಂಚಿನ ಮೇಲೆ ಮಾದೇವಿ, ಪಾದ ಎರಡೂ ಪರಕರದ ಒಳಗೆ. ನಾನು ದಾರಿಯುದ್ದಕ್ಕೂ ತಯಾರು ಮಾಡಿಕೊಂಡ ಭಾಷಣವನ್ನು ಬಿಚ್ಚಿದೆ. ಭೂಮಿಗೆ ಬಹಳ ವಯಸ್ಸಾಗಿದೆ, ಇಷ್ಟು ಕಾಲ ಏನೂ ಆಗದ್ದು ಈಗ ಏಕೆ ಆಗುತ್ತದೆ, ನಿನ್ನ ಜೊತೆಯವರೆಲ್ಲ ಆರಾಮಾಗಿ ಓಡಾಡಿಕೊಂಡಿಲ್ಲವೇ, ಇತ್ಯಾದಿ. ಹುಡುಗಿ ನನ್ನ ಮುಖ ನೋಡಲೇ ಇಲ್ಲ. ಅವಳ ಕಣ್ಣು ಪಾತ್ರೆಯ ಮೇಲಿತ್ತು. ನಾನೂ ನೋಡಿದೆ. ನೀರು ಕುದಿಯುತ್ತ ಬಂದ ಹಾಗೆ ಬಿಗಿಯಾಗಿ ಮುಚ್ಚಿದ್ದ ಚಿಪ್ಪುಗಳು ಒಂದೊಂದಾಗಿ ಬಾಯಿ ತೆರೆಯುತ್ತಿದ್ದವು.

“ಇದೂ ಚಿಪ್ಪೇ ಅಲ್ದಾ, ಅಕ್ಕೋರೆ?” ಎಂದಳು ಮಾದೇವಿ. “ಬಿಸಿ ಆದ್ರೆ ಬಾಯಿ ಬಿಡ್ತದೆ.”

ಭಾಷಣವನ್ನು ಅಲ್ಲಿಗೇ ಮಡಚಿಟ್ಟೆ. ನಾನು ಹಾಗೆ ಮಾಡುವುದು ಅಪರೂಪ, ನನ್ನನ್ನು ಬಲ್ಲವರನ್ನು ಕೇಳಿ.

ನೋಡಿ, ಆ ಪುಸ್ತಕ ಬರೆದವರು ಸಮುದ್ರದಿಂದ ದೂರದ ಯಾವುದೋ ಊರಿನಲ್ಲಿ ಕೂತು, ಬಹುಶಃ ಬೆಳಚಿನ ಸಾರಿನ ರುಚಿಯನ್ನೇ ಕಾಣದೆ, ಭೂಚಿಪ್ಪು ಎಂಬ ಪದವನ್ನು ಆರಿಸಿದ್ದರು. ಅವರಿಗೆ ಚಿಪ್ಪು ಎಂದರೆ ಗಟ್ಟಿ ಹೊದಿಕೆ, ಅಷ್ಟೇ. ಬಾಡದ ಹುಡುಗಿಗೆ ಚಿಪ್ಪು ಎಂದರೆ ಒಂದು ಮಗ್ಗುಲಲ್ಲಿ ಕೀಲು, ಇನ್ನೊಂದು ಮಗ್ಗುಲಲ್ಲಿ ಬಾಯಿ, ಬಿಸಿ ತಾಗಿದರೆ ಟಕ್ಕನೆ ತೆರೆಯುವ ವಸ್ತು. ಭೂಮಿ ಚಿಪ್ಪು, ಒಳಗೆ ಬಿಸಿ ಎಂದ ಮೇಲೆ ಉಳಿದದ್ದನ್ನು ಅವಳು ತಾನೇ ಲೆಕ್ಕ ಹಾಕಿದ್ದಳು. ಮೇಲಿಂದ ಶಿವರಾತ್ರಿಗೆ ಅಜ್ಜಿಯ ಜೊತೆ ಯಾಣಕ್ಕೆ ಹೋಗಿ ಅಲ್ಲಿಯ ಕರೀ ಬಂಡೆಗಳನ್ನು ಬೇರೆ ನೋಡಿ ಬಂದಿದ್ದಳು. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ ಎಂದು ಅಜ್ಜಿ ಹೇಳಿದ್ದನ್ನು, ಅಲ್ಲೊಮ್ಮೆ ನೆಲ ಬಾಯಿ ಬಿಟ್ಟು ಬೆಂಕಿ ಹೊರಬಂದಿರಬೇಕು ಎಂದು ತಿದ್ದಿಕೊಂಡಿದ್ದಳು. ಪಾಠವನ್ನು ಬಾಯಿಪಾಠ ಮಾಡಿದವರು ಯಾರೂ ಹೆದರಿರಲಿಲ್ಲ. ಅರ್ಥ ಮಾಡಿಕೊಂಡವಳು ಒಬ್ಬಳೇ ಹೆದರಿದ್ದಳು. ಆ ಹಿತ್ತಲಲ್ಲಿ ನನಗೆ ಆದ ಹೆಮ್ಮೆಯನ್ನು ಈಗ ಯಾವ ಮಾತಿನಲ್ಲಿ ಹೇಳಲಿ? ಇಡೀ ವರ್ಗದಲ್ಲಿ ಕಿವಿರು ಎತ್ತಿ ನೋಡಿದವಳು ಇವಳು.

ಆದರೆ ಹೆಮ್ಮೆಯಿಂದ ಬೆಂಚಿನ ಮೇಲಿನವಳು ಕೆಳಗಿಳಿಯುವುದಿಲ್ಲವಲ್ಲ. ಸುತ್ತ ನೋಡಿದೆ. ಸೂರಿನ ಕೆಳಗೆ ನಾಲ್ಕಾರು ಮೊಳೆತ ತೆಂಗಿನಕಾಯಿಗಳನ್ನು ಸಾಲಾಗಿ ಇಟ್ಟಿದ್ದರು, ಮಳೆ ಹಿಡಿದ ಮೇಲೆ ನೆಡಲು. ಒಂದು ಕೊಡು ಎಂದೆ. ಜಟ್ಟಮ್ಮ ಆಗುವುದಿಲ್ಲ ಎಂದಳು. ಪಾಠಕ್ಕೆ ಎಂದೆ. ನಿಮ್ಮ ಪಾಠಕ್ಕೆ ಈಗಾಗಲೇ ಮೊಮ್ಮಗಳನ್ನು ಕೊಟ್ಟಾಗಿದೆ, ಕಾಯಿ ಬೇರೆ ಕೊಡಲೋ ಎಂದಳು. ಎಲ್ಲಕ್ಕಿಂತ ದೊಡ್ಡ ಮೊಳಕೆಯದನ್ನು ಕೇಳಿದೆ, ಅವಳು ಕೊಡುವುದಿಲ್ಲ ಎಂದು ಗೊತ್ತಿದ್ದೇ ಕೇಳಿದೆ. ನಾವಿಬ್ಬರೂ ಒಂದೇ ಪಾಠಶಾಲೆಯಲ್ಲಿ ಓದಿದವರು. ಸ್ವಲ್ಪ ಹೊತ್ತಿಗೆ ಸೊಟ್ಟ ಮೊಳಕೆಯದೊಂದು ನನ್ನ ಕೈಗೆ ಬಂತು. ನನಗೆ ಬೇಕಾದದ್ದೂ ಅದೇ.

ಜಟ್ಟಮ್ಮನ ಕೈಯಲ್ಲೇ ಅದರ ಸಿಪ್ಪೆ ಸುಲಿಸಿ ಮಾದೇವಿಗೆ ಕೊಟ್ಟೆ. ಅವಳು ನಾನು ಹೇಳುವ ಮೊದಲೇ ಕಿವಿಯ ಹತ್ತಿರ ಹಿಡಿದು ಕುಲುಕಿದಳು. ಕರಾವಳಿಯ ಹೆಣ್ಣುಮಕ್ಕಳ ಕೈ ಅದು. ಒಳಗೆ ನೀರಿದೆ, ಕಡಿಮೆ ಇದೆ, ನೀರಿನಲ್ಲಿ ಮತ್ತೆಂತದೋ ಇದೆ, ಎಂದಳು. ಒಡೆಯದೆ ಹೇಗೆ ಗೊತ್ತಾಯಿತು ಎಂದರೆ, ಸದ್ದಿನಲ್ಲಿ ಎಂದಳು. ಅಲ್ಲಿಗೆ ನನ್ನ ಅರ್ಧ ಪಾಠವನ್ನು ಅವಳೇ ಮಾಡಿ ಮುಗಿಸಿದಳು. ಭೂಮಿಯ ಒಳಗನ್ನು ತಿಳಿದವರು ಮಾಡಿದ್ದೂ ಇಷ್ಟೇ ಎಂದು ಹೇಳಿದೆ. ಎಲ್ಲೋ ಭೂಕಂಪವಾದಾಗ ಇಡೀ ಭೂಮಿ ಒಮ್ಮೆ ಕುಲುಕುತ್ತದೆ. ಆ ಅಲುಗಾಟ ಗಟ್ಟಿಯಲ್ಲಿ ಒಂದು ರೀತಿ ಹೋಗುತ್ತದೆ, ದ್ರವದಲ್ಲಿ ಇನ್ನೊಂದು ರೀತಿ. ದೇಶದೇಶಗಳಲ್ಲಿ ಯಂತ್ರ ಇಟ್ಟುಕೊಂಡು ಕೂತವರು ಅದನ್ನು ಕಿವಿಗೊಟ್ಟು ಕೇಳಿ, ಇಲ್ಲಿ ಗಟ್ಟಿ, ಇಲ್ಲಿ ನೀರಿನ ಹಾಗೆ, ನಡುವೆ ಮತ್ತೆ ಗಟ್ಟಿ ಎಂದು ಹೇಳಿದರು. ಮಾದೇವಿ ಮೊದಲ ಬಾರಿಗೆ ನನ್ನ ಕಡೆ ತಿರುಗಿದಳು.

ಜಟ್ಟಮ್ಮ ಕತ್ತಿಯಿಂದ ಕಾಯಿಯನ್ನು ಹೋಳು ಮಾಡಿದಳು. ತೆಳ್ಳಗೆ ಗಟ್ಟಿಯಾದ ಗರಟೆ. ಅದರ ಒಳಗೆ ದಪ್ಪ ಬಿಳಿ ಕಾಯಿ. ಅದರ ಒಳಗೆ ನೀರು. ನೀರಿನ ನಡುವೆ ಮೊಳಕೆಯ ಬುಡದಲ್ಲಿ ಬೆಳೆದ ದುಂಡನೆಯ ಹಳದಿ ಉಂಡೆ, ನಾವೆಲ್ಲ ಚಿಕ್ಕಂದಿನಲ್ಲಿ ಕಿತ್ತಾಡಿ ತಿಂದದ್ದು. ಚಿಪ್ಪು, ಕವಚ, ಕರಗಿದ ತಿರುಳು, ಗಟ್ಟಿ ತಿರುಳು. ಈರುಳ್ಳಿ ತೋರಿಸುವವರು, ಮೊಟ್ಟೆ ತೋರಿಸುವವರು ಎಷ್ಟು ಬೇಕಾದರೂ ಇದ್ದಾರೆ. ದ್ರವದ ನಡುವೆ ಗಟ್ಟಿ ಹೇಗೆ ಇರುತ್ತದೆ ಎಂದು ಕೇಳಿದರೆ ಈರುಳ್ಳಿ ಏನು ಹೇಳೀತು? ಈ ಕಾಯಿ ಹೇಳುತ್ತದೆ. ಮಾದೇವಿ ಗರಟೆಯ ಹೊರಮೈಯನ್ನು ಬೆರಳಿನಿಂದ ಒಂದು ಸುತ್ತು ತಡವಿದಳು. ಏನು ಹುಡುಕುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಕೀಲು ಇರಲಿಲ್ಲ.

“ಮೂರು ಕಣ್ಣು ಅದೆಯಲ್ಲ,” ಎಂದಳು, ಬಿಡದೆ.

ಹೌದು, ಭೂಮಿಗೂ ಕೆಲವು ಕಡೆ ಅಂಥ ತೂತುಗಳಿವೆ, ಜ್ವಾಲಾಮುಖಿ ಎನ್ನುತ್ತಾರೆ, ಒಳಗಿನದು ಅಲ್ಲಿಂದ ಉಕ್ಕುವುದುಂಟು ಎಂದೆ. ಬಾಡದಲ್ಲಿ ಇಲ್ಲ, ಕುಮಟೆ, ಹೊನ್ನಾವರ, ಭಟ್ಕಳ ಎಲ್ಲಿಯೂ ಇಲ್ಲ, ಯಾಣದ್ದು ಸುಣ್ಣದ ಕಲ್ಲು, ಕಪ್ಪಾದದ್ದು ಬೆಂಕಿಯಿಂದ ಅಲ್ಲ, ಮಳೆ ಗಾಳಿಯಿಂದ ಎಂದೆ. ಇದ್ದ ದೋಷವನ್ನು ಮುಚ್ಚಿಡಬಾರದು. ಹೇಳಿಯೇ ಮಾರಬೇಕು. ಆಗ ಉಳಿದ ಮಾತಿಗೆ ಬೆಲೆ ಬರುತ್ತದೆ.

ಜಟ್ಟಮ್ಮ ಈಗ ವ್ಯಾಪಾರಕ್ಕೆ ಇಳಿದಳು. ಕೇಳಿದ್ದು ಒಂದೇ ಪ್ರಶ್ನೆ: ಆ ಬಿಸಿ ಎಷ್ಟು ಕೆಳಗೆ? ಮೈಲಿ ಹೇಳಿದರೆ ಅವಳಿಗೆ ಉಪಯೋಗವಿಲ್ಲ. ಹೊನ್ನಾವರದಲ್ಲಿ ಬಸ್ಸು ಹತ್ತಿ ಭಟ್ಕಳದಲ್ಲಿ ಇಳಿದ ಹಾಗೆ, ನೆಟ್ಟಗೆ ಕೆಳಕ್ಕೆ ಅಷ್ಟು ದೂರ ಹೋದರೆ ಗರಟೆ ಮುಗಿಯುತ್ತದೆ ಎಂದೆ. ಅವಳು ಮುಖ ಸಿಂಡರಿಸಿದಳು. ಅಷ್ಟೇನಾ, ಅಷ್ಟು ದೂರ ನಾನು ಬುಟ್ಟಿ ಹೊತ್ತು ಹೋಗಿ ಸಂಜೆಗೆ ಬಂದದ್ದಿದೆ ಎಂದಳು. ಇದು ಸಾಲದು, ಇನ್ನೂ ದೂರ ಕೊಡಿ ಎಂದು ಅರ್ಥ. ಎಲ್ಲ ಗಿರಾಕಿಗಳೂ ಇಳಿಸಿ ಎಂದು ಕೇಳಿದರೆ ಇವಳು ಏರಿಸಿ ಎನ್ನುತ್ತಿದ್ದಳು. ನಾನೂ ಬಿಡಲಿಲ್ಲ. ಗರಟೆ ಮುಗಿದ ಕೂಡಲೇ ಕರಗಿದ್ದು ಸಿಗುವುದಿಲ್ಲ, ಆಮೇಲೆ ಕವಚ, ಅದೂ ಬಿಸಿಯೇ, ಆದರೆ ಕಲ್ಲು, ಈ ಬಿಳಿ ಕಾಯಿಯ ಹಾಗೆ ಗಟ್ಟಿ ಎಂದೆ. ಅದು ಎಷ್ಟು ದಪ್ಪ ಎಂದಳು. ಮನಸ್ಸಿನಲ್ಲೇ ನಕಾಶೆ ಬಿಚ್ಚಿ ಹುಡುಕಿದೆ.

“ಇಲ್ಲಿಂದ ಕಾಶಿಗೆ ಹೋಗಿ, ಅಲ್ಲಿಂದ ತಿರುಗಿ ಬಾಡಕ್ಕೆ ಬಂದಷ್ಟು ದಪ್ಪ,” ಎಂದೆ. “ಅದೆಲ್ಲ ದಾಟಿದ ಮೇಲೆ ಕರಗಿದ ಕಬ್ಬಿಣ.”

ಜಟ್ಟಮ್ಮ ಒಲೆಯ ಬೆಂಕಿಯನ್ನು ಹಿಂದಕ್ಕೆ ಎಳೆದಳು. ಮೊಮ್ಮಗಳ ಕಡೆ ತಿರುಗಿದಳು.

“ಕೇಳಿದ್ಯಾ ಮಗಾ? ಕಾಶಿಗೆ ಹೋದ ನಿನ್ನ ಅಜ್ಜನೇ ಇವತ್ತಿನವರೆಗೆ ವಾಪಸ್ ಬರ್ಲಿಲ್ಲ. ಅಲ್ಲಿಂದ ಬೆಂಕಿ ಬತ್ತದಾ?”

ಮಾದೇವಿಗೆ ನಗು ಬಂತು. ಅಜ್ಜ ಕಾಶಿಗೆಂದು ಹೊರಟು ಬೊಂಬಾಯಿಯಲ್ಲಿ ಬೇರೆ ಸಂಸಾರ ಹೂಡಿದ ಕತೆ ಆ ಕೇರಿಗೆಲ್ಲ ಗೊತ್ತಿದ್ದದ್ದೇ. ಆದರೂ ಅವಳು ಬೆಂಚಿನಿಂದ ಇಳಿಯಲಿಲ್ಲ. ಅಜ್ಜಿ ಮೊಮ್ಮಗಳು ಇಬ್ಬರೂ ನನ್ನನ್ನು ನೋಡಿದರು. ನಾನು ಇನ್ನೂ ಏನೋ ಕೊಡಬೇಕಿತ್ತು. ಮಾರುವವಳು ತನ್ನ ಮೀನನ್ನು ತಾನು ತಿನ್ನಬೇಕು. ನಾಳೆ ಭಾನುವಾರ, ನೀರು ಇಳಿದಾಗ ಹೊಳೆಯ ಕೆಸರಿಗೆ ಮೊದಲು ನಾನು ಇಳಿಯುತ್ತೇನೆ ಎಂದೆ.

ಹೇಳುವುದು ಸುಲಭ. ಅಕ್ಕೋರಾದ ಮೇಲೆ ನಾನು ಕೆಸರಿಗೆ ಕಾಲಿಟ್ಟಿರಲಿಲ್ಲ. ಸೀರೆಯ ಅಂಚು ಒದ್ದೆಯಾಗದ ದಾರಿ ನೋಡಿ ನಡೆಯುವುದು ನನಗೆ ಒಂದು ದೊಡ್ಡಸ್ತಿಕೆಯಾಗಿತ್ತು. ಬುಟ್ಟಿಯ ಪಕ್ಕದಿಂದ ಎದ್ದು ಬಂದವಳಿಗೆ ಅಷ್ಟೂ ಬೇಡವೇ? ಮರುದಿನ ನೋಡಿದರೆ ಜಟ್ಟಮ್ಮ ಅರ್ಧ ಕೇರಿಯನ್ನೇ ದಂಡೆಗೆ ಕರೆತಂದಿದ್ದಳು. ಚಪ್ಪಲಿ ಬಿಟ್ಟೆ, ಸೀರೆ ಎತ್ತಿ ಕಟ್ಟಿದೆ, ಇಳಿದೆ. ಮೊಣಕಾಲ ಹತ್ತಿರದವರೆಗೂ ಹೂತು ಹೋದೆ. ದಂಡೆಯ ಮೇಲೆ ಒಬ್ಬಳು, ಅಕ್ಕೋರು ಕಾಶಿಗೆ ಹೊರಟರು ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನೆಲ ಬಾಯಿ ಬಿಡಲಿಲ್ಲ. ಕೊಂಚ ಹೊತ್ತಿಗೆ ನನ್ನ ಪಕ್ಕದಲ್ಲಿ ಪಚಕ್ ಎಂದಿತು. ಮಾದೇವಿ ಇಳಿದು ಬಂದು, ಬಗ್ಗಿ, ಕೆಸರಿನ ಒಳಗೆ ಮೊಣಕೈವರೆಗೆ ಕೈ ಹಾಕಿ ನೋಡುತ್ತಿದ್ದಳು.

“ತಂಪದೆ, ಅಕ್ಕೋರೆ,” ಎಂದಳು.

ಸೋಮವಾರ ಶಾಲೆಗೆ ಬಂದಳು. ಬಂದವಳು ಸುಮ್ಮನೆ ಕೂರಲಿಲ್ಲ. ಅಜ್ಜಿಯ ಹತ್ತಿರ ಇನ್ನೊಂದು ಮೊಳೆತ ಕಾಯಿಯನ್ನು ವಸೂಲು ಮಾಡಿ ತಂದು, ಇಡೀ ವರ್ಗದ ಕೈಯಲ್ಲಿ ಅದನ್ನು ಕುಲುಕಿಸಿ, ಚಿಪ್ಪು ಎಂದು ಪುಸ್ತಕದಲ್ಲಿ ಬರೆದದ್ದು ಗರಟೆ ಎಂದು ಓದಿಕೊಳ್ಳಬೇಕು ಎಂದು ತೀರ್ಪು ಕೊಟ್ಟಳು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಮುಂದೆ ಹೊನ್ನಾವರಕ್ಕೆ, ಭಟ್ಕಳಕ್ಕೆ ವರ್ಗವಾದಾಗಲೂ ಆ ಪಾಠಕ್ಕೆ ನನ್ನ ಚೀಲದಲ್ಲಿ ಒಂದು ಮೊಳೆತ ಕಾಯಿ ಇರುತ್ತಿತ್ತು. ಮನೆಯಲ್ಲಿ ಯಾವ ಭಾಷೆ ಆಡುವ ಮಕ್ಕಳೇ ಇರಲಿ, ಕಾಯಿ ಕುಲುಕಲು ದುಭಾಷಿ ಬೇಕಾಗಲಿಲ್ಲ. ಬೇರೆ ಶಾಲೆಗಳ ಮಾಸ್ತರರು ಬಂದು ನೋಡಿ ಹೋದರು. ಯಾವ ತರಬೇತಿಯಲ್ಲಿ ಹೇಳಿಕೊಟ್ಟರು ಎಂದು ಒಬ್ಬರು ಕೇಳಿದರು. ಬಾಡದ ಒಬ್ಬ ವಿದ್ಯಾರ್ಥಿನಿ ಕೇಳಿ ಕಲಿಸಿದಳು ಎಂದೆ. ಮಕ್ಕಳು ಹೆದರಿದರೆ ಹೆದರಬೇಡ ಎನ್ನಬೇಡಿ, ಯಾವ ಶಬ್ದಕ್ಕೆ ಹೆದರಿದೆ ಎಂದು ಕೇಳಿ, ಎಂದು ಸಲಹೆಯನ್ನೂ ಕೊಟ್ಟೆ. ಪುಕ್ಕಟೆಯಾಗಿ ಕೊಟ್ಟೆ. ಅದಕ್ಕೇ ಇರಬೇಕು, ಬರೆದುಕೊಂಡವರು ಕಡಿಮೆ.

ವರ್ಷಗಳು ಕಳೆದವು. ಎಂಬತ್ತರ ದಶಕದಲ್ಲಿ ಒಂದು ದಿನ ಹೊನ್ನಾವರದ ನನ್ನ ಮನೆಯ ಜಗುಲಿಗೆ ಜಟ್ಟಮ್ಮ ಬಂದು ಕೂತಳು, ಜೊತೆಯಲ್ಲಿ ಮಾದೇವಿ. ಮಾದೇವಿ ಆಗ ಕುಮಟೆಯಲ್ಲಿ ಕಾಲೇಜು ಮುಗಿಸಿ ಶಿಕ್ಷಕಿಯ ತರಬೇತಿಗೆ ಸೇರಿದ್ದಳು. ಅಜ್ಜಿ ಮೊಮ್ಮಗಳು ಕಾಶಿಗೆ ಹೋಗಿ ಬಂದಿದ್ದರು. ಹುಬ್ಬಳ್ಳಿಯವರೆಗೆ ಬಸ್ಸು, ಆಮೇಲೆ ರೈಲು, ಮತ್ತೆ ರೈಲು. ದಾರಿಯುದ್ದಕ್ಕೂ ಅಜ್ಜಿ ದೇವರ ಹೆಸರು ಹೇಳಿದ್ದಕ್ಕಿಂತ ಹೆಚ್ಚಾಗಿ, ಈಗ ಕವಚದಲ್ಲಿ ಎಲ್ಲಿಗೆ ಬಂದೆವು ಎಂದು ಕೇಳಿದಳಂತೆ. ಸ್ಟೇಷನ್ ಬಂದಾಗಲೆಲ್ಲ ಮೊಮ್ಮಗಳು ಲೆಕ್ಕ ಹೇಳಬೇಕಾಯಿತಂತೆ. ಗಂಗೆಯ ಮೆಟ್ಟಿಲ ಮೇಲೆ ಅಜ್ಜಿ 'ಈಗ ಅರ್ಧ ಆತು' ಎಂದಳಂತೆ, ಪಕ್ಕದಲ್ಲಿ ಮುಳುಗು ಹಾಕುತ್ತಿದ್ದವರಿಗೆ ಏನು ಅರ್ಥವಾಯಿತೋ. ಬಾಡಕ್ಕೆ ತಿರುಗಿ ಬಂದು ಬಸ್ಸಿಳಿದಾಗ, ಇಲ್ಲಿಂದ ಮುಂದೆ ಕಬ್ಬಿಣ ಎಂದು ಹೇಳಿ ಸೀದಾ ಮನೆಗೆ ಹೋದಳಂತೆ.

ಜಟ್ಟಮ್ಮ ಎಲ್ಲವನ್ನೂ ಮೊಮ್ಮಗಳ ಬಾಯಿಂದ ಹೇಳಿಸಿ, ಕೊನೆಗೆ ತಾನು ಒಂದೇ ಮಾತು ಹೇಳಿದಳು.

“ನೀವು ಹೇಳಿದ್ದು ಸಮ, ಅಕ್ಕೋರೆ. ದೂರವೇ ಅದೆ.”

ಆಮೇಲೆ ಚೀಲದಿಂದ ಒಂದು ತೆಂಗಿನಕಾಯಿ ತೆಗೆದು ನನ್ನ ಕೈಗಿಟ್ಟಳು. ಆ ವರ್ಷ ಸೂರಿನ ಕೆಳಗೆ ಉಳಿದ ಕಾಯಿಗಳಲ್ಲಿ ನೆಟ್ಟ ಒಂದು ಗಿಡ ಈಗ ಫಲ ಬಿಟ್ಟಿತ್ತು. ತೆಗೆದುಕೊಂಡೆ. ಏನು ಮಾಡಲಿ, ಕೈ ತನ್ನಷ್ಟಕ್ಕೆ ಕಿವಿಯ ಹತ್ತಿರ ಹೋಗಿ ಕುಲುಕಿತು. ಮಾದೇವಿ ನಕ್ಕಳು. ಒಳಗೆ ಚಹಾ ಮಾಡುತ್ತಿದ್ದ ನನ್ನ ತಂಗಿಯೂ ನಕ್ಕಳು. ಜಟ್ಟಮ್ಮ ಮಾತ್ರ ನಗಲಿಲ್ಲ, ಸದ್ದಿಗೆ ತಾನೂ ಕಿವಿಗೊಟ್ಟು ತಲೆಯಾಡಿಸಿದಳು. ಅವಳು ಹೇಗೆ ನಕ್ಕಾಳು? ನನ್ನ ಮಾಲನ್ನು ಕುಲುಕಿ ನೋಡಲು ಕಾಶಿಯವರೆಗೆ ಹೋಗಿ ಬಂದವಳು.